ಬಿಐಎಸ್‌ಗೆ ಬಹಿರಂಗ ಪತ್ರ: ಕಂಬಿ ಅಳೆದಿದ್ದೀರಿ, ಮಾಳಿಗೆ ಮೇಲಿನ ಧೂಳನ್ನೂ ಅಳೆಯಿರಿ

ಗೆ,
ಮಹಾನಿರ್ದೇಶಕರು,
ಭಾರತೀಯ ಮಾನಕ ಬ್ಯೂರೋ,
ಮಾನಕ್ ಭವನ, ನವದೆಹಲಿ.

ವಿಷಯ: 2027ರ ನಂತರದ ಮಾನಕ ಯೋಜನೆ ಮತ್ತು ಕೊಪ್ಪಳ, ಬಳ್ಳಾರಿ, ರಾಯಚೂರು ಜಿಲ್ಲೆಗಳು.

ಮಾನ್ಯರೇ,

ನಾನು ಕೊಪ್ಪಳದಲ್ಲಿ ಮನೆ ಕಟ್ಟಿಸಿಕೊಡುವ ಗುತ್ತಿಗೆದಾರ. ದೊಡ್ಡ ಕೆಲಸ ಏನಲ್ಲ. ಮೂವತ್ತು-ನಲವತ್ತರ ಸೈಟು, ಮೇಲೊಂದು ಮಹಡಿ, ಮುಂದೊಂದು ಅಂಗಡಿ, ಇಷ್ಟೇ. ಆದರೂ ನಿಮ್ಮ ಸಂಸ್ಥೆಯ ಹೆಸರು ಎತ್ತದೆ ನಮ್ಮ ದಿನ ಮುಗಿಯುವುದಿಲ್ಲ. ಸಿಮೆಂಟ್ ಚೀಲ ಇಳಿಸುವಾಗ ನಿಮ್ಮ ಐಎಸ್‌ಐ ಗುರುತು ನೋಡುತ್ತೇವೆ. ವೈರು, ಪೈಪು, ನಲ್ಲಿ, ಸ್ವಿಚ್ಚು, ಎಲ್ಲದಕ್ಕೂ ಅದೇ. ಮನೆ ಮಾಲೀಕರು ರೇಟಿಗಾಗಿ ಜಗಳಾಡುತ್ತಾರೆ, ಐಎಸ್‌ಐ ಇದೆ ಅಂದ ಮೇಲೆ ಸುಮ್ಮನಾಗುತ್ತಾರೆ. ಅಷ್ಟು ನಂಬಿಕೆ ಇದೆ ನಿಮ್ಮ ಮುದ್ರೆ ಮೇಲೆ.

ನಿಮ್ಮ ಈಗಿನ ಯೋಜನೆ 2022ರಿಂದ 2027ರವರೆಗಿನದು. ಮಾನಕಗಳ ರಾಷ್ಟ್ರೀಯ ಕ್ರಿಯಾ ಯೋಜನೆ ಅಂತ ಅದರ ಹೆಸರು. ಯಾವ ಕ್ಷೇತ್ರಕ್ಕೆ ಹೊಸ ಮಾನಕ, ಅಂದರೆ ಗುಣಮಟ್ಟದ ಅಳತೆಗೋಲು ಬೇಕು, ಯಾವುದು ಮೊದಲು, ಯಾವುದು ಆಮೇಲೆ ಅಂತ ದಾರಿ ಹಾಕಿಕೊಡುವ ಕಾಗದ. ಅದರ ಮುಂದಿನದನ್ನು ಬರೆಯಲು ಕೂರುವಾಗ ಈ ಪತ್ರವೂ ನಿಮ್ಮ ಮೇಜಿನ ಮೇಲೆ ಇರಲಿ ಅನ್ನುವುದು ನನ್ನ ಆಸೆ.

ಹೇಳಬೇಕಾದ್ದು ಒಂದೇ ಮಾತು. ನಿಮ್ಮ ಮುದ್ರೆ ಮಾಲು ಹೇಗಿದೆ ಅಂತ ಹೇಳುತ್ತದೆ. ಆ ಮಾಲು ತಯಾರಾಗುವ ಊರು ಹೇಗಿದೆ ಅಂತ ಹೇಳುವುದಿಲ್ಲ. ಮುಂದಿನ ಯೋಜನೆಯಲ್ಲಿ ಊರೂ ಸೇರಬೇಕು.

ಕಂಬಿಯಿಂದ ಶುರು ಮಾಡುತ್ತೇನೆ, ನನಗೆ ಚೆನ್ನಾಗಿ ಗೊತ್ತಿರುವುದು ಅದೇ. ಅದರ ಮಾನಕ ಐಎಸ್ 1786. ಕಟ್ಟಿನ ಟ್ಯಾಗಿನಲ್ಲಿ ಐಎಸ್‌ಐ ಗುರುತು ಇರುತ್ತದೆ, ಜೊತೆಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಲೈಸೆನ್ಸ್ ಚಾಲ್ತಿಯಲ್ಲಿದೆಯೋ ಇಲ್ಲವೋ ನಿಂತ ಜಾಗದಲ್ಲೇ ಗೊತ್ತಾಗುತ್ತದೆ. 12 ಎಂಎಂ ಕಂಬಿ 12 ಮೀಟರ್ ಉದ್ದ ಇದ್ದರೆ ಸುಮಾರು 10.66 ಕೆಜಿ ತೂಗಬೇಕು. ಶೇ 5ರಷ್ಟು ಆಚೀಚೆ ಆದರೆ ನೀವು ಒಪ್ಪುತ್ತೀರಿ. ಅದಕ್ಕಿಂತ ಹಗುರ ಬಂದರೆ ನಾವು ಲಾರಿ ವಾಪಸ್ ಕಳಿಸುತ್ತೇವೆ. ಎಫ್‌ಇ 500ಡಿ ಗ್ರೇಡ್ ಆದರೆ ಅದರಲ್ಲಿ ಗಂಧಕ ಶೇ 0.040 ದಾಟಬಾರದು, ರಂಜಕವೂ ಅಷ್ಟೇ, ಎರಡೂ ಸೇರಿ ಶೇ 0.075 ದಾಟಬಾರದು. ಕಂಬಿ ಬಾಗಬೇಕು, ಪಟ್ಟಂತ ಮುರಿಯಬಾರದು ಅನ್ನುವುದಕ್ಕೆ ಇಷ್ಟೆಲ್ಲ ಎಚ್ಚರಿಕೆ. ನಿಜಕ್ಕೂ ಒಳ್ಳೆಯ ಕೆಲಸ. ಇದರಿಂದ ಎಷ್ಟು ಮನೆ ಗಟ್ಟಿಯಾಗಿ ನಿಂತಿವೆಯೋ ಲೆಕ್ಕ ಇಟ್ಟವರಿಲ್ಲ.

ಆದರೆ ಕಂಬಿಯೊಳಗಿನ ಗಂಧಕವನ್ನು ಇಷ್ಟು ಸಣ್ಣಗೆ ಅಳೆಯುವ ಅದೇ ಮುದ್ರೆಗೆ, ಆ ಕಾರ್ಖಾನೆಯ ಚಿಮಣಿಯಿಂದ ಏನು ಹೊರಗೆ ಹೋಗುತ್ತದೆ ಅನ್ನುವುದು ಬೇಕಾಗಿಲ್ಲ.

ಚಿಮಣಿಗೆ ನಿಯಮವೇ ಇಲ್ಲ ಅಂತಲ್ಲ. ಕಲ್ಲಿದ್ದಲು ಸುಟ್ಟು ಅದಿರಿನಿಂದ ಸ್ಪಾಂಜ್ ಐರನ್ (ಉಕ್ಕಿಗೆ ಬೇಕಾದ ಕಚ್ಚಾ ಕಬ್ಬಿಣ) ಮಾಡುವ ಘಟಕದ ಚಿಮಣಿಯಲ್ಲಿ ಒಂದು ಘನ ಮೀಟರ್ ಹೊಗೆಗೆ 100 ಮಿಲಿಗ್ರಾಂಗಿಂತ ಜಾಸ್ತಿ ಧೂಳು ಇರಬಾರದು ಅಂತ ಕೇಂದ್ರ ಪರಿಸರ ಸಚಿವಾಲಯ 2008ರಲ್ಲೇ ಹೇಳಿದೆ. ಅದನ್ನು ನೋಡಿಕೊಳ್ಳುವುದು ಮಾಲಿನ್ಯ ನಿಯಂತ್ರಣ ಮಂಡಳಿ. ಅದು ಒಂದು ಫೈಲು, ನಿಮ್ಮದು ಇನ್ನೊಂದು ಫೈಲು. ಎರಡೂ ಒಂದಕ್ಕೊಂದು ಎದುರಾಗುವುದು ನಮ್ಮ ಮಾಳಿಗೆ ಮೇಲೆ.

ಬೇಸಿಗೆಯಲ್ಲಿ ಒಮ್ಮೆ ನಮ್ಮ ಕೊಪ್ಪಳದ ಕಾರ್ಖಾನೆಗಳ ಪಕ್ಕದ ಹಳ್ಳಿಗಳಾದ ಗಿಣಿಗೇರಾ, ಹಿರೇಬಗನಾಳ, ಅಲ್ಲಾನಗರ ಕಡೆ ಬನ್ನಿ. ಮಾಳಿಗೆ ಮೇಲೆ ಸಂಡಿಗೆ, ಹಪ್ಪಳ ಹಾಕುವುದನ್ನು ಎಷ್ಟೋ ಮನೆಯವರು ಬಿಟ್ಟೇ ಬಿಟ್ಟಿದ್ದಾರೆ. ದನದ ಮೇವನ್ನು ಝಾಡಿಸಿ ಹಾಕುತ್ತಾರೆ. ಹೊಸ ಮನೆಗೆ ಹೊರಗಡೆ ಬಿಳಿ ಬಣ್ಣ ಬೇಡ ಅಂತ ನಮ್ಮ ಗೌಂಡಿಗಳೇ ಮೊದಲು ಹೇಳಿಬಿಡುತ್ತಾರೆ. ಮಕ್ಕಳಿಗೆ ಇದೊಂದು ಆಟ: ಹಳೇ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ ಮಾಳಿಗೆ ಮೇಲೆ ಎಳೆಯುತ್ತಾರೆ. ನಾಲ್ಕು ಸುತ್ತು ಎಳೆದರೆ ಸಾಕು, ಅಯಸ್ಕಾಂತದ ತುಂಬ ಕಪ್ಪು ಪುಡಿ ಮುಳ್ಳುಹಂದಿ ಹಾಗೆ ನೆಟ್ಟಗೆ ನಿಲ್ಲುತ್ತದೆ. ಅಯಸ್ಕಾಂತ ಸಾಕ್ಷಿ ಆಗಲ್ಲ, ನಿಮ್ಮ ಕಡೆ ಮಣ್ಣಲ್ಲೇ ಕಬ್ಬಿಣ ಇದೆ ಅಂತ ನೀವು ಹೇಳಬಹುದು. ಸರಿ, ಒಪ್ಪಿದೆ. ಅದಕ್ಕೇ ಸರಿಯಾದ ಅಳತೆ ಬೇಕು ಅನ್ನುತ್ತಿರುವುದು.

ಅಳತೆ ಏನಾಗಿದೆ ನೋಡಿ. ಕೊಪ್ಪಳದಲ್ಲಿ ಗಾಳಿ ಅಳೆಯುವ ಕೇಂದ್ರ ಇದೆ. ಮೊಬೈಲಲ್ಲಿ ಅಂಕಿ ನೋಡಬಹುದು. ಅದು ‘ತೃಪ್ತಿಕರ’ ಅಂತ ತೋರಿಸಿದ ದಿನವೂ ಹಳ್ಳಿ ಮಾಳಿಗೆ ಕಪ್ಪಾಗಿರುತ್ತದೆ. ಕೇಂದ್ರ ಸುಳ್ಳು ಹೇಳುತ್ತಿದೆ ಅಂತ ನಾನು ಹೇಳುವುದಿಲ್ಲ. ಅದು ಅಳೆಯುವುದು ಪಿಎಂ 10, ಪಿಎಂ 2.5. ಅಂದರೆ 10 ಮೈಕ್ರಾನ್‌ಗಿಂತ ಸಣ್ಣ, ಗಾಳಿಯಲ್ಲಿ ತೇಲುವ ಧೂಳು. ಶ್ವಾಸಕೋಶಕ್ಕೆ ಹೋಗುವುದು ಅದೇ, ಆದ್ದರಿಂದ ಅಳೆಯಲೇಬೇಕು. ಆದರೆ ಕೆಳಗೆ ಬಂದು ಕೂರುವ ದಪ್ಪ ಧೂಳು ಆ ಲೆಕ್ಕಕ್ಕೆ ಬರುವುದೇ ಇಲ್ಲ. ಮೇವು, ಬಟ್ಟೆ, ಅಡುಗೆ, ಬೆಳೆ ಹಾಳಾಗುವುದು ಈ ದಪ್ಪ ಧೂಳಿನಿಂದ. 2009ರ ರಾಷ್ಟ್ರೀಯ ಗಾಳಿ ಗುಣಮಟ್ಟದ ಪಟ್ಟಿಯಲ್ಲಿ 12 ವಸ್ತುಗಳಿವೆ. ಬೀಳುವ ಧೂಳು ಅದರಲ್ಲಿ ಇಲ್ಲ.

ಇಲ್ಲೊಂದು ತಮಾಷೆ ಇದೆ. ಬೀಳುವ ಧೂಳನ್ನು ಅಳೆಯುವ ವಿಧಾನ ನಿಮ್ಮ ಬಳಿಯೇ ಇದೆ! ಐಎಸ್ 5182, ಭಾಗ 1. ಅಗಲ ಬಾಯಿಯ ಜಾಡಿಯನ್ನು ಎತ್ತರದಲ್ಲಿ ಬಯಲಿಗೆ ಇಡುವುದು, ತಿಂಗಳು ಬಿಟ್ಟು ಅದರಲ್ಲಿ ಬಿದ್ದದ್ದನ್ನು ಸೋಸಿ, ಒಣಗಿಸಿ, ತೂಕ ಮಾಡುವುದು. ಕರೆಂಟ್ ಬೇಡ, ದೊಡ್ಡ ಯಂತ್ರ ಬೇಡ. ಆದರೆ ಎಷ್ಟು ಬಿದ್ದರೆ ಜಾಸ್ತಿ ಅಂತ ಹೇಳುವ ಮಿತಿ ಆ ರಾಷ್ಟ್ರೀಯ ಪಟ್ಟಿಯಲ್ಲಿ ಇಲ್ಲ. ತಕ್ಕಡಿ ಇದೆ, ಬಟ್ಟು ಇಲ್ಲ. ಜರ್ಮನಿಯಲ್ಲಿ ಒಂದು ಚದರ ಮೀಟರಿಗೆ ದಿನಕ್ಕೆ ಸರಾಸರಿ 0.35 ಗ್ರಾಂ ಅಂತ ಮಿತಿ ಇದೆ. ನಮ್ಮ ಹಾಗೇ ಗಣಿ, ಕಲ್ಲಿದ್ದಲಿನ ದೇಶವಾದ ದಕ್ಷಿಣ ಆಫ್ರಿಕಾ 2013ರಲ್ಲಿ ಜನವಸತಿ ಪ್ರದೇಶಕ್ಕೆ ದಿನಕ್ಕೆ 600 ಮಿಲಿಗ್ರಾಂ ಅಂತ ನಿಯಮ ಮಾಡಿತು. ನಮ್ಮ ಮಿತಿ ಎಷ್ಟಿರಬೇಕು ಅಂತ ತಿಳಿದವರು ಕೂತು ಹೇಳಲಿ. ಮೊದಲು ಕೂರಲಿ ಅಲ್ವಾ?

ಮಿತಿ ಹಾಕುವುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಮತ್ತು ಸಚಿವಾಲಯದ ಕೆಲಸ, ನಮ್ಮದಲ್ಲ ಅಂತ ನೀವು ಉತ್ತರ ಬರೆಯುತ್ತೀರಿ. ಕಾಗದದ ಮೇಲೆ ಅದು ಸರಿ. ಆದರೆ ನಿಮ್ಮಲ್ಲಿ ಪರಿಸರಕ್ಕೆ ಅಂತಲೇ ಪ್ರತ್ಯೇಕ ವಿಭಾಗ ಇದೆ. ಕುಡಿಯುವ ನೀರಿಗೆ ಮಿತಿ ಬರೆದವರು ನೀವೇ. ಹಾಗಿದ್ದ ಮೇಲೆ ಧೂಳಿನ ವಿಷಯಕ್ಕೆ ಮಾತ್ರ ಇನ್ನೊಬ್ಬರ ಮನೆ ಬಾಗಿಲು ತೋರಿಸಿದರೆ ಹೇಗೆ? ಇಬ್ಬರೂ ಸೇರಿ ಮಾಡಿದ ಕೆಲಸಕ್ಕೆ ಉದಾಹರಣೆಯೂ ಇದೆ. 1991ರಲ್ಲಿ ಶುರುವಾದ ಇಕೋಮಾರ್ಕ್, ಮಣ್ಣಿನ ಮಡಕೆ ಚಿತ್ರದ ಗುರುತು. ಮಾಲು ಚೆನ್ನಾಗಿರಬೇಕು, ಪರಿಸರಕ್ಕೂ ಕೆಡುಕು ಕಡಿಮೆ ಇರಬೇಕು, ಎರಡನ್ನೂ ಒಂದೇ ಮುದ್ರೆಯಲ್ಲಿ ಹೇಳುವ ಆಲೋಚನೆ. ಇಷ್ಟು ವರ್ಷ ಅದನ್ನು ಕೇಳಿದವರು ಕಡಿಮೆ. ನಾನಂತೂ ಯಾವ ಅಂಗಡಿಯಲ್ಲೂ ಆ ಮಡಕೆ ಕಂಡಿಲ್ಲ. 2024ರಲ್ಲಿ ಹೊಸ ನಿಯಮ ಬಂದಿದೆ, ಮಂಡಳಿ ಮತ್ತು ನೀವು ಸೇರಿ ನಡೆಸಬೇಕು ಅಂತಿದೆ. ಮುಂದಿನ ಐದು ವರ್ಷದ ಯೋಜನೆಯಲ್ಲಿ ಇದು ಕಂಬಿಗೂ ಬರಲಿ.

ಕಂಬಿಗೆ ಈಗ ನಕ್ಷತ್ರದ ಗುರುತೂ ಬಂದಿದೆ, ಅದನ್ನೂ ಹೇಳಿಬಿಡುತ್ತೇನೆ. 2024ರ ಡಿಸೆಂಬರ್‌ನಲ್ಲಿ ಉಕ್ಕು ಸಚಿವಾಲಯ ಹಸಿರು ಉಕ್ಕು ಅಂದರೆ ಯಾವುದು ಅಂತ ಪ್ರಕಟಿಸಿತು. ಒಂದು ಟನ್ ಉಕ್ಕಿಗೆ 2.2 ಟನ್‌ಗಿಂತ ಕಡಿಮೆ ಇಂಗಾಲದ ಡೈಆಕ್ಸೈಡ್ ಹೊರಬಿದ್ದರೆ ಅದು ಹಸಿರು. 1.6 ಟನ್‌ಗಿಂತ ಕಡಿಮೆ ಆದರೆ ಐದು ನಕ್ಷತ್ರ. ಒಳ್ಳೆಯದೇ, ಭೂಮಿ ಬಿಸಿಯಾಗುವುದು ಕಡಿಮೆಯಾಗಲಿ. ಆದರೆ ಆ ನಕ್ಷತ್ರದ ಲೆಕ್ಕ ಇಂಗಾಲದ್ದು ಮಾತ್ರ. ಬೂದಿ ಎಲ್ಲಿ ಸುರಿದರು, ರಾತ್ರಿ ಧೂಳು ಹಿಡಿಯುವ ಇಎಸ್‌ಪಿ ಓಡುತ್ತಿತ್ತಾ, ಪಕ್ಕದ ಹಳ್ಳಿಯ ಬೋರಿನ ನೀರು ಏನಾಯಿತು, ಇದ್ಯಾವುದೂ ಅದರೊಳಗಿಲ್ಲ. ನಾಳೆ ಐದು ನಕ್ಷತ್ರದ ಕಂಬಿ ಕೊಂಡವರು ಪುಣ್ಯ ಕಟ್ಟಿಕೊಂಡೆ ಅಂದುಕೊಳ್ಳುತ್ತಾರೆ, ಅದೇ ಕಂಬಿ ತಯಾರಾದ ಊರಿನವರು ಮಾಳಿಗೆ ಗುಡಿಸುತ್ತಿರುತ್ತಾರೆ.

ಕಾರ್ಖಾನೆ ಗೇಟಿನ ಬೋರ್ಡಿನ ಬಗ್ಗೆಯೂ ಒಂದು ಮಾತು. ಐಎಸ್‌ಒ 14001 ಅಂತ ದೊಡ್ಡ ಅಕ್ಷರದಲ್ಲಿ ಬರೆಸಿರುತ್ತಾರೆ. ಹಳ್ಳಿಯವರು ಅದನ್ನು ಸರ್ಕಾರವೇ ಪರೀಕ್ಷೆ ಮಾಡಿ ಪಾಸು ಮಾಡಿದೆ ಅಂತ ಓದಿಕೊಳ್ಳುತ್ತಾರೆ. ಅದು ಹೇಳುವುದು ಬೇರೆ. ಪರಿಸರದ ವಿಷಯ ನೋಡಿಕೊಳ್ಳಲು ಕಂಪನಿಯಲ್ಲಿ ಒಂದು ವ್ಯವಸ್ಥೆ ಇದೆ, ಗುರಿ ಇದೆ, ಕಾನೂನು ಪಾಲಿಸುತ್ತೇವೆ ಅಂತ ಒಪ್ಪಿಕೊಂಡಿದ್ದಾರೆ, ಇಷ್ಟೇ. ಇಷ್ಟೇ ಹೊಗೆ, ಇಷ್ಟೇ ಧೂಳು ಅಂತ ಅದು ಅಂಕಿ ಕಟ್ಟುವುದಿಲ್ಲ. ಗುರಿ ಏನು, ಈ ವರ್ಷ ಎಷ್ಟು ಮುಟ್ಟಿದ್ದೀರಿ ಅನ್ನುವುದನ್ನು ಅದೇ ಗೇಟಿನಲ್ಲಿ, ಕನ್ನಡದಲ್ಲಿ, ಅದೇ ಸೈಜಿನ ಅಕ್ಷರದಲ್ಲಿ ಬರೆಯಲಿ. ಪ್ರಮಾಣಪತ್ರ ಕೊಡುವ ಸಂಸ್ಥೆಗಳಿಗೆ ಈ ಷರತ್ತು ಹಾಕಿದರೆ ಯಾರ ಗಂಟೂ ಹೋಗುವುದಿಲ್ಲ.

ನಾನು ಕಾರ್ಖಾನೆ ಬೇಡ ಅನ್ನುವವನಲ್ಲ. 2025ರ ಫೆಬ್ರುವರಿ 24ರಂದು ಉಕ್ಕಿನ ಕಾರ್ಖಾನೆ ವಿಸ್ತರಣೆ ವಿರೋಧಿಸಿ ಕೊಪ್ಪಳ ಬಂದ್ ಆಯಿತು. ಗವಿಮಠದ ಸ್ವಾಮೀಜಿ, ನಮ್ಮ ಅಜ್ಜಾರು, ಮುಂದೆ ನಿಂತರು, ಊರಿಗೆ ಊರೇ ಬೀದಿಗೆ ಬಂತು. ಅವತ್ತು ನನ್ನ ಸೈಟಿನಲ್ಲೂ ಕೆಲಸ ನಿಲ್ಲಿಸಿದ್ದೆ. ನಮ್ಮ ಗೌಂಡಿಗಳ ಅಣ್ಣತಮ್ಮಂದಿರೇ ಕಾರ್ಖಾನೆಯಲ್ಲಿ ದುಡಿಯುತ್ತಾರೆ, ಅವರೂ ಬಂದಿದ್ದರು. ನನ್ನ ಪಕ್ಕ ನಿಂತವರೆಲ್ಲ ಕೇಳುತ್ತಿದ್ದದ್ದು ಒಂದೇ: ಈಗ ಇರುವ ಧೂಳನ್ನೇ ಲೆಕ್ಕಕ್ಕೆ ಹಿಡಿಯದವರು ಇನ್ನಷ್ಟು ಬಂದರೆ ಹೇಗೆ ಲೆಕ್ಕ ಇಡುತ್ತಾರೆ?

ಮಾನಕ ಮನಸ್ಸು ಮಾಡಿದರೆ ಏನು ಮಾಡಬಲ್ಲದು ಅನ್ನುವುದಕ್ಕೆ ರಾಯಚೂರನ್ನೇ ನೋಡಿ. ಶಕ್ತಿನಗರದ 1,720 ಮೆಗಾವಾಟ್ ಶಾಖೋತ್ಪನ್ನ ಕೇಂದ್ರದಿಂದ ಬೀಳುವ ಹಾರುಬೂದಿ ಒಂದು ಕಾಲಕ್ಕೆ ಬರೀ ತಲೆನೋವು. ಸಿಮೆಂಟಿನಲ್ಲಿ ಶೇ 15ರಿಂದ 35ರವರೆಗೆ ಹಾರುಬೂದಿ ಹಾಕಬಹುದು ಅಂತ ಐಎಸ್ 1489 ಅನ್ನುತ್ತದೆ. ಎಂಥ ಬೂದಿ ಆಗಬೇಕು ಅಂತ ಐಎಸ್ 3812 ಹೇಳುತ್ತದೆ. ಆಮೇಲೆ ಬೂದಿಗೆ ಬೆಲೆ ಬಂತು, ಟ್ಯಾಂಕರ್ ಬಂದು ನಿಂತವು. ಮೊದಮೊದಲು ಈ ಬೂದಿ ಬೆರೆತ ಪಿಪಿಸಿ ಸಿಮೆಂಟ್ ಅಂದರೆ ನಮ್ಮ ಜನ ಮೂಗು ಮುರಿಯುತ್ತಿದ್ದರು, ಈಗ ಜಾಸ್ತಿ ಹೋಗುವುದೇ ಅದು. 2016ರಲ್ಲಿ ಕಾಂಕ್ರೀಟಿನ ಕಡಿ, ಉಸುಕಿನ ಮಾನಕವಾದ ಐಎಸ್ 383 ತಿದ್ದಿ, ಕಡಿಯ ಜೊತೆ ಕಬ್ಬಿಣದ ಕಿಟ್ಟವನ್ನೂ ಒಂದು ಪ್ರಮಾಣದವರೆಗೆ ಬಳಸಬಹುದು ಅಂದಿರಿ. ಉಸುಕಿನ ಅಭಾವ ಇರುವ ನಮಗೆ ಎಂ ಸ್ಯಾಂಡಿಗೂ ಅದೇ ಮಾನಕ ಆಧಾರ. ಒಂದು ಪುಟದ ತಿದ್ದುಪಡಿ ಒಂದು ಗುಡ್ಡ ಕರಗಿಸುತ್ತದೆ.

ಹಾಗಾದರೆ ಸ್ಪಾಂಜ್ ಐರನ್ ಕುಲುಮೆಯಿಂದ ಬರುವ ಡೋಲೋಚಾರ್‌ಗೆ ಏನು ದಾರಿ? ಅರೆಬರೆ ಸುಟ್ಟ ಕಲ್ಲಿದ್ದಲು ಅದು, ಅದರಲ್ಲಿ ಇನ್ನೂ ಉರಿ ಇದೆ. ರಸ್ತೆ ಪಕ್ಕ, ಹಳ್ಳದ ದಂಡೆಗೆ ಸುರಿದಿರುವುದನ್ನು ಈ ಕಡೆ ಓಡಾಡುವವರೆಲ್ಲ ನೋಡಿರುತ್ತಾರೆ. ಯಾವುದಕ್ಕೆ ಬಳಸಬಹುದು, ಹೇಗೆ ಮುಚ್ಚಿ ಸಾಗಿಸಬೇಕು, ಎಲ್ಲಿ ಇಡಬಾರದು, ಇದನ್ನು ಸಣ್ಣ ಕಾರ್ಖಾನೆಯವರಿಗೂ ತಿಳಿಯುವ ಹಾಗೆ ಬರೆದುಕೊಡುವ ಕೆಲಸ ನಿಮ್ಮ ಮುಂದಿನ ಪಟ್ಟಿಯಲ್ಲಿ ಮೇಲೆ ಬರಲಿ.

ಬಳ್ಳಾರಿ ಜೀನ್ಸ್ ಕಥೆ ಬೇರೆ. ಅಲ್ಲಿ ದೊಡ್ಡ ಕಂಪನಿ ಇಲ್ಲ. ಒಬ್ಬರು ಕತ್ತರಿಸುತ್ತಾರೆ, ಮನೆಮನೆಯಲ್ಲಿ ಪೀಸ್ ರೇಟಿಗೆ ಹೊಲಿಯುತ್ತಾರೆ, ಆಮೇಲೆ ವಾಷಿಂಗ್ ಯೂನಿಟ್‌ಗೆ ಹೋಗುತ್ತದೆ. ಬಣ್ಣ ಮಾಸಿದ ಹಾಗೆ ಕಾಣಬೇಕಲ್ಲ, ಅದಕ್ಕೆ ಪ್ಯೂಮಿಸ್ ಕಲ್ಲು, ಬ್ಲೀಚು, ಪೊಟ್ಯಾಶಿಯಂ ಪರ್ಮಾಂಗನೇಟ್. ಈ ಕೊನೆಯದನ್ನು ಗನ್ನಿನಲ್ಲಿ ತೊಡೆ ಭಾಗಕ್ಕೆ ಸ್ಪ್ರೇ ಮಾಡುತ್ತಾರೆ. ಸ್ಪ್ರೇ ಮಾಡುವ ಹುಡುಗನ ಮೂಗಿಗೆ ಕಟ್ಟಿರುವುದು ಬರೀ ಕರವಸ್ತ್ರ. ನೀಲಿ ನೀರು ಚರಂಡಿಗೆ ಹೋದರೆ ನೋಟಿಸ್ ಬರುತ್ತದೆ, ಯೂನಿಟ್‌ಗೆ ಬೀಗ ಬೀಳುತ್ತದೆ, ಕೂಲಿ ಹೋಗುತ್ತದೆ. ಬೀಗ ಹಾಕುವವರು ಇದ್ದಾರೆ, ಹೀಗೆ ಮಾಡಿ ಅಂತ ತೋರಿಸುವವರು ಇಲ್ಲ. ಕೆಲಸ ಹೀಗೆ ಮಾಡಬೇಕು ಅಂತ ಬರೆದುಕೊಡುವ ನಿಮ್ಮ ಕೋಡ್ ಆಫ್ ಪ್ರಾಕ್ಟೀಸ್ ಪದ್ಧತಿ ಇಂಥ ಜಾಗಕ್ಕೇ ಹೇಳಿ ಮಾಡಿಸಿದ್ದು. ಹತ್ತು ಮೆಷಿನ್ ಇರುವ ಯೂನಿಟ್‌ಗೆ ಎಷ್ಟು ದೊಡ್ಡ ತೊಟ್ಟಿ ಬೇಕು, ನೀರು ಎಷ್ಟು ಸಲ ತಿರುಗಿ ಬಳಸಬಹುದು, ಪರ್ಮಾಂಗನೇಟ್ ಬದಲು ಏನು, ಎಲ್ಲವನ್ನೂ ಚಿತ್ರ ಹಾಕಿ ಕನ್ನಡ, ತೆಲುಗು ಎರಡರಲ್ಲೂ ಕೊಡಿ. ಬಳ್ಳಾರಿಗೆ ಎರಡೂ ಬೇಕು.

ಇನ್ನು ನೀರು. ಕುಡಿಯುವ ನೀರಿನ ಮಾನಕ ಐಎಸ್ 10500 ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5. ಆರ್ಸೆನಿಕ್ 0.01. ಇ. ಕೊಲೈ 100 ಮಿಲಿಲೀಟರಿನಲ್ಲಿ ಒಂದೂ ಕಾಣಬಾರದು. ಕೊಪ್ಪಳ, ರಾಯಚೂರಿನ ಎಷ್ಟೋ ಹಳ್ಳಿಗಳ ಬೋರಿನಲ್ಲಿ ಫ್ಲೋರೈಡ್ ಜಾಸ್ತಿ. ಹಟ್ಟಿ ಚಿನ್ನದ ಗಣಿಯ ಸುತ್ತಿನ ಕಲ್ಲಿನಲ್ಲೇ ಆರ್ಸೆನಿಕ್ ಇದೆ. ಹಳ್ಳಿಯ ಶುದ್ಧ ನೀರಿನ ಘಟಕದಲ್ಲಿ ಮಾತ್ರ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಅಳತೆ) ಮೀಟರ್ ಅದ್ದಿ ನೋಡಿ, ಅಂಕಿ ಕಡಿಮೆ ಇದೆ, ನೀರು ಚೊಲೋ ಇದೆ ಅಂತಾರೆ. ಟಿಡಿಎಸ್‌ನಿಂದ ಫ್ಲೋರೈಡ್ ಗೊತ್ತಾಗುವುದಿಲ್ಲ, ಆರ್ಸೆನಿಕ್ ಅಂತೂ ಇಲ್ಲವೇ ಇಲ್ಲ. ಫ್ಲೋರೈಡ್ ಕಿಟ್ ಇದ್ದರೆ ಐದು ನಿಮಿಷದ ಕೆಲಸ: ಗುಲಾಬಿ ಬಣ್ಣ ಹಳದಿ ಕಡೆಗೆ ತಿರುಗಿದರೆ ಫ್ಲೋರೈಡ್ ಇದೆ ಅಂತ. ಕಿಟ್ ಬಂದ ಕಡೆ ಅದರ ಬಾಟಲಿ ಖಾಲಿಯಾದ ಮೇಲೆ ತುಂಬಿಸುವವರಿಲ್ಲ.

ಇದಕ್ಕಿಂತ ದೊಡ್ಡ ವಿಷಯ ರಾಯಚೂರು ನಗರದ್ದು. ನಲ್ಲಿ ನೀರು ಪೂರೈಸುವ ವ್ಯವಸ್ಥೆ ಹೇಗಿರಬೇಕು ಅಂತ ನೀವು 2020ರಲ್ಲಿ ಐಎಸ್ 17482 ಹೊರಡಿಸಿದಿರಿ. ನದಿಯಿಂದ ಮನೆಯ ನಲ್ಲಿವರೆಗೆ ಎಲ್ಲೆಲ್ಲಿ ಏನು ನೋಡಬೇಕು ಅಂತ ಅದರಲ್ಲಿದೆ. ಅದಾಗಿ ಎರಡು ವರ್ಷಕ್ಕೆ, 2022ರ ಬೇಸಿಗೆಯ ಕೊನೆಗೆ, ಅದೇ ನಗರದಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಜನ ಸತ್ತರು. ಎಷ್ಟೋ ಮಂದಿ ವಾಂತಿ ಭೇದಿಯಾಗಿ ಆಸ್ಪತ್ರೆ ಸೇರಿದರು. ಒಂದು ಕಡೆ ಕೃಷ್ಣೆ, ಒಂದು ಕಡೆ ತುಂಗಭದ್ರೆ ಇರುವ ಜಿಲ್ಲೆ ಅದು. ಕಂಬಿಗೆ ನಿಮ್ಮ ಮುದ್ರೆ ಕಡ್ಡಾಯ, ಮಕ್ಕಳ ಆಟಿಕೆಗೆ ಕಡ್ಡಾಯ, ನಗರಸಭೆ ನೀರಿಗೆ ಮಾತ್ರ ಇಷ್ಟ ಇದ್ದರೆ ಪಾಲಿಸಿ. 2019ರಲ್ಲಿ ರಾಜ್ಯಗಳ ರಾಜಧಾನಿಗಳ ನಲ್ಲಿ ನೀರನ್ನು ಪರೀಕ್ಷೆ ಮಾಡಿ ಪಟ್ಟಿ ಬಿಟ್ಟಿದ್ದಿರಿ, ದೇಶವೆಲ್ಲ ಚರ್ಚೆ ಆಯಿತು. ಮುಂದಿನ ಪಟ್ಟಿ ಜಿಲ್ಲಾ ಕೇಂದ್ರಗಳದ್ದಾಗಲಿ.

ಆಟಿಕೆ ಅಂದಾಗ ಕಟ್ಟಿಗೆ ಗೊಂಬೆಗೆ ಹೆಸರಾದ ನಮ್ಮ ಕಿನ್ನಾಳ ನೆನಪಾಯಿತು. 2021ರ ಜನವರಿಯಿಂದ ಆಟಿಕೆಗೆ ಐಎಸ್‌ಐ ಕಡ್ಡಾಯವಾದಾಗ, ಜಿಐ (ಇಂಥ ಊರಿನ ಮಾಲು ಅನ್ನುವ) ಗುರುತು ಇರುವ ಆಟಿಕೆಗಳಿಗೂ ನೋಂದಾಯಿತ ಕರಕುಶಲಿಗರಿಗೂ ಕೇಂದ್ರ ಸರ್ಕಾರದಿಂದ ವಿನಾಯಿತಿ ಸಿಕ್ಕಿತು. ಒಳ್ಳೆಯದೇ ಆಯಿತು. ದಿನಕ್ಕೆ ನಾಲ್ಕು ಗೊಂಬೆ ಮಾಡುವವರು ಲ್ಯಾಬ್ ಎಲ್ಲಿ ಕಟ್ಟುತ್ತಾರೆ? ಆದರೆ ಬಣ್ಣದಲ್ಲಿ ಸೀಸ ಇಲ್ಲ ಅಂತ ಪರೀಕ್ಷೆ ಮಾಡಿಸಿ ತೋರಿಸಲು ಇಷ್ಟ ಇರುವ ಕುಶಲಕರ್ಮಿಗೆ ಅಗ್ಗದ ದಾರಿಯೂ ಇರಲಿ.

ಕೊನೆಯದಾಗಿ, ಇದನ್ನೆಲ್ಲ ತೀರ್ಮಾನಿಸುವ ಕೋಣೆಯಲ್ಲಿ ಯಾರಿರುತ್ತಾರೆ? ನಿಮ್ಮ ಸಮಿತಿಗಳಲ್ಲಿ ಕಾರ್ಖಾನೆಯವರು, ಪ್ರಯೋಗಾಲಯದವರು, ಪ್ರೊಫೆಸರುಗಳು, ಇಲಾಖೆಯವರು, ಗ್ರಾಹಕ ಸಂಘದವರು ಇರುತ್ತಾರೆ. ಗ್ರಾಹಕ ಅಂದರೆ ಮಾಲು ಕೊಳ್ಳುವವರು. ಮಾಲು ತಯಾರಾಗುವ ಊರಿನಲ್ಲಿ ಬರೀ ಬದುಕುವವರಿಗೆ ಯಾವ ಕುರ್ಚಿ? ಕರಡು ಮಾನಕವನ್ನು ಅಭಿಪ್ರಾಯಕ್ಕೆ ಅಂತ ವೆಬ್‌ಸೈಟಿನಲ್ಲಿ ಹಾಕುತ್ತೀರಿ, ನಿಜ. ಅದು ಇಂಗ್ಲಿಷಿನಲ್ಲಿ ಇರುತ್ತದೆ, ಹಿರೇಬಗನಾಳದವರಿಗೆ ಅದು ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ಧೂಳು, ಕಿಟ್ಟ, ಬೂದಿ, ನೀರು, ಈ ನಾಲ್ಕರ ಕರಡು ಬಂದಾಗಲಾದರೂ ಎರಡು ಪುಟದ ಕನ್ನಡ ಸಾರಾಂಶ ಮಾಡಿ ಗ್ರಾಮ ಪಂಚಾಯಿತಿಗೆ ಕಳಿಸಿ. ಸಮಿತಿಯ ಒಂದು ಕುರ್ಚಿ ಇಂಥ ಪಂಚಾಯಿತಿಯವರಿಗೆ ಇರಲಿ. ನಿಮ್ಮ ಪಟ್ಟಿಯ ಮೊದಲ ನಂಬರ್, ಐಎಸ್ 1, ರಾಷ್ಟ್ರಧ್ವಜದ್ದು. ಅದಕ್ಕೆ ತಕ್ಕ ಹಾಗೆ ನೂಲು, ಹೊಲಿಗೆ, ಬಣ್ಣ ನೋಡಿ ಖಾದಿ ಧ್ವಜ ಮಾಡುವವರು ಹುಬ್ಬಳ್ಳಿ ಬೆಂಗೇರಿಯ ಹೆಣ್ಣುಮಕ್ಕಳು. ಮಾನಕ ಅಂದರೆ ಏನು ಅಂತ ಈ ಕಡೆಯವರಿಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಯೋಜನೆ ಬರೆಯುವ ಮೊದಲು ಕೊಪ್ಪಳದಲ್ಲಿ ಒಂದು ಸಭೆ ಇಡಿ. ಅಷ್ಟರೊಳಗೆ ಐಎಸ್ 5182ರ ಪ್ರಕಾರದ ಜಾಡಿಗಳನ್ನು ಕಾರ್ಖಾನೆಗಳ ಸುತ್ತಲಿನ ಹಳ್ಳಿಗಳಿಗೂ, ಹೋಲಿಸಿ ನೋಡಲು ದೂರದ ಕುಷ್ಟಗಿ ಕಡೆಯ ಒಂದೆರಡು ಹಳ್ಳಿಗಳಿಗೂ ಕಳಿಸಿಕೊಡಿ. ಶಾಲೆ, ಪಂಚಾಯಿತಿ, ಗುಡಿ, ಮಸೀದಿ ಮಾಳಿಗೆಗಳ ಮೇಲೆ ಇಡಲು ನಾವು ಒಪ್ಪಿಗೆ ತರುತ್ತೇವೆ, ಸ್ಟ್ಯಾಂಡ್ ನಾನೇ ವೆಲ್ಡ್ ಮಾಡಿಸಿ ಕೊಡುತ್ತೇನೆ. ತಿಂಗಳಾದ ಮೇಲೆ ತೂಕ ಮಾಡಿ, ಅದರಲ್ಲಿ ಮಣ್ಣೆಷ್ಟು, ಕಾರ್ಖಾನೆಯದೆಷ್ಟು ಅಂತ ಬೇರ್ಪಡಿಸಿ ಹೇಳುವ ಲ್ಯಾಬ್ ಯಾವುದು, ಅದರ ಖರ್ಚು ಯಾರದು ಅನ್ನುವುದನ್ನು ನೀವು ತಿಳಿಸಿ.

ಇಂತಿ,
ಕೊಪ್ಪಳದ ಒಬ್ಬ ಕಟ್ಟಡ ಗುತ್ತಿಗೆದಾರ